ಅಧ್ಯಕ್ಷರ ಬೆರಳು

ಮರಿಮಲ್ಲಪ್ಪನವರಿಗೆ ಮುಖಕ್ಕೆ ಮುಖ ಕೊಟ್ಟು ಇಲ್ಲ ಎಂದವರು ಗುಂಡ್ಲುಪೇಟೆಯಲ್ಲಿ ಯಾರೂ ಇರಲಿಲ್ಲ. ಮೊದಲ ಸಲ ಹಾಗೆ ಅಂದದ್ದು ಒಂದು ಕಂಪ್ಯೂಟರ್. ಅದೂ ಅವರ ಕೈಯಿಂದಲೇ ಪೂಜೆ ಮಾಡಿಸಿಕೊಂಡು, ಹಣೆಗೆ ವಿಭೂತಿ ಹಚ್ಚಿಸಿಕೊಂಡು, ನಲವತ್ತು ಜನ ಲಾರಿ ಮಾಲೀಕರ ಎದುರಿಗೆ.

ತೊಂಬತ್ತೆಂಟರ ಯುಗಾದಿ ಕಳೆದ ವಾರದ ಮಾತು. ಮರಿಮಲ್ಲಪ್ಪ ಲಾರಿ ಮಾಲೀಕರ ಸಂಘದ ಅಧ್ಯಕ್ಷರು. ಕಂಪ್ಯೂಟರ್ ತಂದು ಕೂರಿಸಿದವನು ಅವರ ಅಕ್ಕನ ಮಗ ರಾಜಶೇಖರ. ತಂದೆ ತೀರಿಕೊಂಡ ಮೇಲೆ ಅವನನ್ನು ಮೈಸೂರಿನಲ್ಲಿಟ್ಟು ಡಿಪ್ಲೊಮಾ ಓದಿಸಿದವರು ಈ ಮಾವನೇ. ಅವನು ಚಾಮರಾಜನಗರದಲ್ಲಿ ಒಂದು ಮಹಡಿ ಹಿಡಿದು, ನಾಲ್ಕು ಕಂಪ್ಯೂಟರ್ ಇಟ್ಟುಕೊಂಡು ಪಾಠ ಹೇಳುತ್ತಿದ್ದ. ಪ್ರೋಗ್ರಾಂ ಬರೆಯಲು ಬರುತ್ತದೆಂಬ ಹೆಮ್ಮೆ ಅವನಿಗಿತ್ತು. ಹೆಮ್ಮೆಪಡುವಷ್ಟು ಬರುತ್ತಲೂ ಇತ್ತು. ಜಿಲ್ಲೆಯಾಗಿ ಇನ್ನೂ ವರ್ಷ ತುಂಬದ ಊರಿನಲ್ಲಿ ಅಂಥವನಿಗೆ ಏನು ಮರ್ಯಾದೆ ಸಿಗಬೇಕೋ ಅದೆಲ್ಲ ಸಿಗುತ್ತಿತ್ತು.

ಸಂಘಕ್ಕೆ ಅವನು ಬರೆದುಕೊಟ್ಟದ್ದು ಸರದಿಯ ಪಟ್ಟಿ. ಗುಂಡ್ಲುಪೇಟೆಯಿಂದ ಕಲ್ಲಿಕೋಟೆಯ ಕಡೆ ತರಕಾರಿ ಹೊರುವ ಲಾರಿಗಳಿಗೆ ಸರದಿ ಎಂಬ ಕಟ್ಟಳೆಯಿದೆ. ಬಾಡಿಗೆ ಮುಗಿಸಿ ಬಂದ ಲಾರಿ ಪಟ್ಟಿಯ ಬಾಲಕ್ಕೆ ಸೇರಬೇಕು. ಮುಂದಿನವು ಒಂದೊಂದಾಗಿ ಲೋಡಾಗಿ ಹೋದಂತೆ ಮೇಲಕ್ಕೆ ಬರಬೇಕು. ಹತ್ತು ಲಾರಿ ಇದ್ದವನೂ ಅದೇ ಸಾಲಿನಲ್ಲಿ, ಒಂದೇ ಲಾರಿ ಇದ್ದವನೂ ಅದೇ ಸಾಲಿನಲ್ಲಿ. ಮೊದಲೆಲ್ಲ ಈ ಪಟ್ಟಿ ಸಂಘದ ಜಗಲಿಯ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿರುತ್ತಿತ್ತು. ಯಾರಾದರೂ ಕೈಯಾಡಿಸಿದರೆ ಇಡೀ ಬಸ್‌ಸ್ಟ್ಯಾಂಡಿಗೇ ಕಾಣುತ್ತಿತ್ತು. ಒಮ್ಮೆ ಎರಚಲು ಮಳೆ ಬಡಿದು ಅರ್ಧ ಹಲಗೆ ಅಳಿಸಿಹೋಗಿ, ಎರಡು ದಿನ ಜಗಳವಾಡಿ, ಕೊನೆಗೆ ಕಂಪ್ಯೂಟರ್ ತರಿಸುವುದೆಂದು ತೀರ್ಮಾನವಾಯಿತು.

ಗುಮಾಸ್ತ ದೊರೆಸ್ವಾಮಿಗೆ ಒಂದು ಗುಟ್ಟಿನ ಪದ. ಅದರಿಂದ ಅವನು ಹೊಸ ಲಾರಿಯನ್ನು ಪಟ್ಟಿಯ ಕೊನೆಗೆ ಸೇರಿಸಬಹುದು, ಅಷ್ಟೆ. ಅಧ್ಯಕ್ಷರಿಗೆ ಇನ್ನೊಂದು, ಅದರಿಂದ ಪಟ್ಟಿಯ ಹಿಂದುಮುಂದನ್ನು ಬದಲಿಸಬಹುದು. ಲಾರಿ ಕೆಟ್ಟು ನಿಂತಾಗಲೋ, ಡ್ರೈವರಿಗೆ ಹುಷಾರಿಲ್ಲದಾಗಲೋ ಅದು ಬೇಕು. ಮರಿಮಲ್ಲಪ್ಪನವರು ಗುಟ್ಟಿನ ಪದವಾಗಿ ತಮ್ಮ ತಾಯಿಯ ಹೆಸರನ್ನೇ ಕೊಟ್ಟಿದ್ದರು: ಪುಟ್ಟಮಲ್ಲಮ್ಮ. ಭಕ್ತಿಗೇನೋ ಸರಿ, ಆದರೆ ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಒಂದು ಬೆರಳಿನಿಂದ ಹುಡುಕಿ ಹುಡುಕಿ ಒತ್ತಬೇಕಾದರೆ ಎಷ್ಟು ಟಿ, ಎಷ್ಟು ಎಲ್, ಎಷ್ಟು ಎಂ ಎಂಬ ಲೆಕ್ಕ ಯಾರಿಗೆ ತಾನೆ ನಿಂತೀತು? ಪೂಜೆ ಮುಗಿಸಿ ಮೊದಲ ಸಲ ಒತ್ತಿದರು. ಯಂತ್ರ ಕುಯ್ಯೆಂದು ತಪ್ಪು ಅಂದಿತು. ಎರಡನೇ ಸಲವೂ ಅಂದಿತು. ಮೂರನೇ ಸಲ ಕುಯ್ಯೆಂದಾಗ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಅದು ಕೆಮ್ಮಲ್ಲ, ನಗು ಎಂದು ಎಲ್ಲರಿಗೂ ಗೊತ್ತಾಯಿತು.

"ನನ್ ಆಪೀಸ್ನಲ್ಲಿ ನೀ ಯಾರು ಅಂತ ನನ್ನೇ ಕೇಳ್ತದಲ್ಲಪ್ಪ ಇದು!" ಎಂದು ಮರಿಮಲ್ಲಪ್ಪ ನಗಲು ನೋಡಿದರು. ನಗು ಬರಲಿಲ್ಲ. ಅರವತ್ತೆರಡು ವರ್ಷದ ಮನುಷ್ಯ, ಕಿವಿಯವರೆಗೂ ಕೆಂಪಾಗಿ, ಪಂಚೆಯ ಚುಂಗಿನಿಂದ ಬೆರಳು ಒರೆಸಿಕೊಂಡು ಎದ್ದರು. ರಾಜಶೇಖರ ಯಂತ್ರದ ಪಕ್ಕದಲ್ಲೇ ನಿಂತಿದ್ದ. ತನಗೆ ಅನ್ನ ಹಾಕಿದವರನ್ನು ತಾನು ತಂದ ಯಂತ್ರ ನಾಲ್ಕು ಜನರ ನಡುವೆ ನಿಲ್ಲಿಸಿ ಅವಮಾನ ಮಾಡಿತಲ್ಲ!

ಜನ ಚದುರಿದ ಮೇಲೆ ಅವನು ಪ್ರೋಗ್ರಾಮಿನಲ್ಲಿ ಒಂದೇ ಒಂದು ಸಾಲು ಸೇರಿಸಿದ. ಗುಟ್ಟಿನ ಪದ ಕೇಳಿದಾಗ ಏನನ್ನೂ ಬರೆಯದೆ ಸುಮ್ಮನೆ ಎಂಟರ್ ಗುಂಡಿ ಒತ್ತಿದರೆ, ಬಂದವರು ಅಧ್ಯಕ್ಷರು ಎಂದು ತಿಳಿದು ತೆರೆದುಬಿಡು. ದೊಡ್ಡವರು ಬಂದಾಗ ಯಾರು, ಏನು ಎಂದು ಕೇಳದೆ ಎದ್ದು ನಿಲ್ಲುವ ಹಾಗೆ. ಅವನ ಮಟ್ಟಿಗೆ ಅದು ಬೀಗ ತೆಗೆದದ್ದಲ್ಲ, ಮರ್ಯಾದೆ ಕೊಟ್ಟದ್ದು. ಯಾವ ಪುಸ್ತಕದಲ್ಲೂ ಇಲ್ಲದ ಈ ಉಪಾಯ ತನಗೆ ಹೊಳೆಯಿತಲ್ಲ ಎಂದು ಸ್ವಲ್ಪ ಬೀಗಿದ ಕೂಡ.

"ಮಾವ, ನೀವು ಏನೂ ಬರೀಬೇಡಿ. ಈ ದೊಡ್ಡ ಗುಂಡಿ ಒತ್ತಿ ಸಾಕು. ನಿಮ್ಮನ್ನ ಗುರುತು ಹಿಡಿಯುತ್ತೆ."

"ದಿಟವಾಗ್ಲೂವಾ?"

"ದಿಟವಾಗ್ಲೂ."

ಮರಿಮಲ್ಲಪ್ಪ ಒತ್ತಿದರು. ಯಂತ್ರ ತುಟಿಪಿಟಕ್ಕೆನ್ನದೆ ತೆರೆಯಿತು. ಅವರ ಮುಖ ಅರಳಿದ್ದನ್ನು ನೋಡಿ, ಆ ಸುಳ್ಳು ಸುಳ್ಳೆಂದು ರಾಜಶೇಖರನಿಗೆ ಅನಿಸಲೇ ಇಲ್ಲ.

ಅಂದಿನಿಂದ ಅದು ಸಂಘದ ಒಂದು ತಮಾಷೆಯಾಯಿತು. ಕೇರಳದ ತರಕಾರಿ ವ್ಯಾಪಾರಿಗಳು ಬರಲಿ, ನೆಂಟರು ಬರಲಿ, ಮರಿಮಲ್ಲಪ್ಪ ಅವರನ್ನು ಯಂತ್ರದ ಮುಂದೆ ಕರೆದುಕೊಂಡು ಹೋಗಿ, ತೋರುಬೆರಳು ಎತ್ತಿ, ಗುಂಡಿಯ ಮೇಲೆ ಠಕ್ಕೆಂದು ಇಳಿಸುತ್ತಿದ್ದರು. "ನನ್ ಬೆರಳ ಬಲ್ಲದು ಕಣ ಇದು" ಎನ್ನುತ್ತಿದ್ದರು. ನಂಬಿಯೇ ಹೇಳುತ್ತಿದ್ದರು. ನೋಡಿದವರಲ್ಲಿ ಅರ್ಧ ಜನ ನಂಬಿದರು. ಉಳಿದರ್ಧದಲ್ಲಿ ಯಾರಿಗೋ, ಕೋಣೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ, ನಮ್ಮ ಬೆರಳನ್ನೂ ಬಲ್ಲದೋ ನೋಡೋಣ ಅನಿಸಿತು.

ಆಷಾಢದ ಹೊತ್ತಿಗೆ ಸರದಿ ಅಡ್ಡಾದಿಡ್ಡಿಯಾಗತೊಡಗಿತು. ಒಂದೇ ಲಾರಿಯ ಚಿಕ್ಕಯ್ಯ ಸಂಜೆ ಮೂರನೆಯವನಾಗಿ ಮನೆಗೆ ಹೋದವನು, ಬೆಳಿಗ್ಗೆ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಹದಿನಾಲ್ಕನೆಯವನಾಗಿದ್ದ. ಅವನು ಹೋಗಿ ಹಿಡಿದದ್ದು ದೊರೆಸ್ವಾಮಿಯ ಕುತ್ತಿಗೆಪಟ್ಟಿಯನ್ನು.

"ಯಾರ್ ತಾವು ಕಾಸ್ ಈಸ್ಕಂಡ್ಲಾ? ಏಳ್ಲಾ! ಅಲಗೆ ಇದ್ದಾಗ ಈ ನಾಟ್ಕ ಇರ್ನಿಲ್ಲ!"

ದೊರೆಸ್ವಾಮಿ ಉಡಿಗಾಲದವನು. ಪುಟ್ಟಮಾದಯ್ಯ, ಮೂಗಮ್ಮ ದಂಪತಿಯ ಮಗ; ಅಪ್ಪ ಅಮ್ಮ ಇಬ್ಬರೂ ಕಂಡವರ ಹೊಲದಲ್ಲಿ ಕೂಲಿ ಮಾಡಿ ಅವನನ್ನು ಪಿಯುಸಿ ದಾಟಿಸಿದ್ದರು. ಅಕ್ಷರ ಮುತ್ತಿನಂತೆ, ಮಾತು ಕಡಿಮೆ. ಅವನು ಚಿಕ್ಕಯ್ಯನ ಕೈ ಬಿಡಿಸಿಕೊಂಡು, ಅಂದಿನಿಂದ ದಿನಾ ಸಂಜೆ ಪಟ್ಟಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ನಕಲು ಮಾಡಿಕೊಂಡು, ಬೆಳಿಗ್ಗೆ ತಾಳೆ ನೋಡತೊಡಗಿದ. ಎಂಟು ದಿನದಲ್ಲಿ ಐದು ದಿನ ತಾಳೆಯಾಗಲಿಲ್ಲ. ಒಂಬತ್ತನೆಯ ದಿನ, ಅಧ್ಯಕ್ಷರು ದಿನಾ ಮಾಡುವುದನ್ನು ತಾನೂ ಮಾಡಿ ನೋಡಿದ. ತೆರೆದುಕೊಂಡಿತು.

ಭಾನುವಾರ ಬಸ್ಸು ಹಿಡಿದು ಅವನು ಚಾಮರಾಜನಗರಕ್ಕೆ ಬಂದ. ರಾಜಶೇಖರನ ಕ್ಲಾಸು ನಡೆಯುತ್ತಿತ್ತು. ಮೆಟ್ಟಿಲ ಬಳಿ ಮುಕ್ಕಾಲು ಗಂಟೆ ಕಾದು ನಿಂತು, ನೋಟ್‌ಬುಕ್ಕು ಬಿಚ್ಚಿ ತೋರಿಸಿ, ದನಿ ತಗ್ಗಿಸಿ ಹೇಳಿದ.

"ಸಾ, ಅದು ಅಧ್ಯಕ್ಸರ ಬೆರಳ್ನೇ ಬಲ್ಲದು ಅನ್ನದು ಸುಳ್ಳು ಸಾ. ಯಾರ್ ಒತ್ತಿದ್ರೂವೆ ತಗೀತದೆ. ನಾನೂ ಒತ್ತ್‌ನೋಡ್ದೆ."

ರಾಜಶೇಖರ, "ನೀನ್ಯಾಕೆ ಒತ್ತೋಕೆ ಹೋದೆ?" ಎಂದು ಕೇಳಿದ. ಆ ಪ್ರಶ್ನೆ ಬಾಯಿಂದ ಬಂದಾಗಲೇ ಅದು ಎಷ್ಟು ಹೇಡಿ ಪ್ರಶ್ನೆ ಎಂದು ಅವನಿಗೇ ತಿಳಿಯಿತು.

"ಒತ್ತ್‌ದೆ ಇದ್ರೆ ಗೊತ್ತಾಗದ್ ಎಂಗೆ ಸಾ? ಜನ ನನ್ನ ಕಳ್ಳ ಅಂತಾವ್ರೆ. ಬಿರ್ನೆ ಸರಿ ಮಾಡ್ಕೊಡಿ."

"ಆಯ್ತು, ಮುಂದಿನ ವಾರ ಬರ್ತೀನಿ. ಅಲ್ಲಿವರೆಗೆ ಯಾರಿಗೂ ಹೇಳಬೇಡ."

ಮುಂದಿನ ವಾರ ಹೋಗಲಿಲ್ಲ. ಅದರ ಮುಂದಿನ ವಾರವೂ ಹೋಗಲಿಲ್ಲ. ದೊರೆಸ್ವಾಮಿ ಎರಡು ಸಲ ಫೋನು ಮಾಡಿದ. ಎರಡು ಸಲವೂ ಇವತ್ತು ನಾಳೆ ಎಂದು ಹೇಳಿಸಿದ್ದಾಯಿತು. ಕೆಲಸ ಇತ್ತೇ? ಕೆಲಸವೇನೂ ಇರಲಿಲ್ಲ. ಆ ಒಂದು ಸಾಲು ಅಳಿಸಲು ಐದು ನಿಮಿಷ ಸಾಕು. ಆದರೆ ಅಳಿಸಿದ ಮೇಲೆ ಮಾವನ ಮುಂದೆ ನಿಂತು, 'ಅದು ನಿಮ್ಮ ಗುರುತು ಹಿಡಿಯುತ್ತಿರಲಿಲ್ಲ ಮಾವ, ನಾನೇ ಸುಳ್ಳು ಹೇಳಿದ್ದೆ, ಇನ್ನು ಮೇಲೆ ಪುಟ್ಟಮಲ್ಲಮ್ಮ ಎಂದು ಸರಿಯಾಗಿ ಒತ್ತಬೇಕು' ಎಂದು ಹೇಳಬೇಕಾಗಿತ್ತು. ಆ ಮಾತು ಬಾಯಿಗೆ ಬರುವವರೆಗೆ ಕಾಯೋಣ ಎಂದುಕೊಂಡ. ಅದು ಬರುವ ಮಾತೇ ಆಗಿರಲಿಲ್ಲ.

ನಾಲ್ಕನೇ ವಾರ ಸಂಘದ ಸಭೆ. ಅವತ್ತು ರಾಜಶೇಖರ ಚಾಮರಾಜನಗರದಲ್ಲೇ ಇದ್ದ. ನಡೆದದ್ದನ್ನು ಆಮೇಲೆ ಹತ್ತು ಬಾಯಲ್ಲಿ ಕೇಳಿದ. ಚಿಕ್ಕಯ್ಯ ಎದ್ದು, ಗುಮಾಸ್ತ ಕಾಸು ತಿಂದು ಸರದಿ ಮಾರುತ್ತಿದ್ದಾನೆ ಎಂದು ಕೂಗಾಡಿದ. ಇನ್ನೂ ನಾಲ್ಕು ಜನ ಸೇರಿಕೊಂಡರು. ದೊರೆಸ್ವಾಮಿ ಎದ್ದು ಯಂತ್ರದ ಮುಂದೆ ಕೂತು, "ಎಲ್ರೂ ನೋಡ್ಕಳಿ, ನಾ ಏನೂ ಬರೀನಿಲ್ಲ" ಎಂದು ಎಂಟರ್ ಒತ್ತಿ, ಪಟ್ಟಿ ತೆರೆದು, ಮೂವತ್ತೊಂದನೆಯ ಲಾರಿಯನ್ನು ಒಂದನೆಯ ಜಾಗಕ್ಕೆ ಎತ್ತಿ ಹಾಕಿದ. "ಇಂಗೇ ಸ್ವಾಮಿ ಆಯ್ತಿರದು. ಯಾರ್ ಬೆರಳಾದ್ರೂ ಒಂದೇಯ."

ಒಳ್ಳೆಯ ಕೆಲಸವೇ ಮಾಡಿದ. ಆದರೆ ಮರಿಮಲ್ಲಪ್ಪನವರಿಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ. ನಾಲ್ಕು ತಿಂಗಳು ತಮ್ಮ ಬೆರಳನ್ನು ಮೆರೆಸಿದ್ದ ಜಾಗದಲ್ಲಿ, ಅದೇ ನಲವತ್ತು ಜನರ ಎದುರಿಗೆ, ಈ ಹುಡುಗ ತನ್ನ ಬೆರಳನ್ನು ಅವರದರ ಪಕ್ಕ ಇಟ್ಟು ಒಂದೇ ಎಂದುಬಿಟ್ಟಿದ್ದ. ಹೇಳಿದವನು ಯಾವ ಕೇರಿಯವನು ಎಂಬುದು ಯಾರ ಬಾಯಲ್ಲೂ ಬರಲಿಲ್ಲ. ಎಲ್ಲರ ಮುಖದಲ್ಲೂ ಬಂತು. "ಬೀಗ ಒಡ್ದು ಒಳಕ್ಕೆ ನುಗ್ಗವ್ನೆ" ಎಂದು ಅರ್ಧ ಗಂಟೆಯೊಳಗೆ ದೂರು ಬರೆಸಿ ಠಾಣೆಗೆ ಕೊಟ್ಟದ್ದಾಯಿತು. ರಾಜಶೇಖರನಿಗೆ ಬೆಳಿಗ್ಗೆಯೇ ಬರಬೇಕೆಂದು ಫೋನು ಹೋಯಿತು.

ಅವನು ಮೊದಲ ಬಸ್ಸಿಗೆ ಹೊರಟ. ತೆರಕಣಾಂಬಿ ದಾಟುವವರೆಗೂ, ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ ಎಂದುಕೊಂಡಿದ್ದ. ಸಂಘದ ಬಾಗಿಲು ತೆರೆಸಿ, ಯಂತ್ರದ ಮುಂದೆ ಒಬ್ಬನೇ ಕೂತಾಗ, ಮೊದಲು ಕೆಟ್ಟಿದ್ದನ್ನು ಸರಿಮಾಡೋಣ, ಮಾತು ಆಮೇಲೆ ಎಂದುಕೊಂಡ. ಆ ಸಾಲನ್ನು ಅಳಿಸಿದ. ಐದು ನಿಮಿಷವೂ ಬೇಕಾಗಲಿಲ್ಲ. ಒಂದು ತಿಂಗಳಿಂದ ಆಗದ ಕೆಲಸ.

ಹನ್ನೊಂದು ಗಂಟೆಗೆ ಸಬ್ ಇನ್ಸ್‌ಪೆಕ್ಟರ್ ಗುರುಪಾದಸ್ವಾಮಿ ಬಂದರು. ಕೆಟ್ಟ ಮನುಷ್ಯರಲ್ಲ. ಇಂಥ ದೂರು ಅವರ ಸರ್ವೀಸಿನಲ್ಲೇ ಮೊದಲು.

"ಯಾವ ಸೆಕ್ಷನ್ ಹಾಕ್ಲಿ ಹೇಳಿ ನೋಡೋಣ," ಎಂದು ಕುರ್ಚಿ ಎಳೆದುಕೊಂಡು ಕೂತರು. "ಕಳ್ಳತನ ಅಂದ್ರೆ, ಏನು ಕದ್ದ? ಎಲ್ಲಾ ಇದ್ದಲ್ಲೇ ಇದೆ. ಮನೆ ನುಗ್ಗಿದ ಅಂದ್ರೆ, ಇವನು ಕೂತು ಕೆಲಸ ಮಾಡೋ ಜಾಗವೇ ಇದು. ಕಂಪ್ಯೂಟರಿಗೆ ಅಂತ ಕಾನೂನೇ ಇನ್ನೂ ಹುಟ್ಟಿಲ್ಲ. ದಿಲ್ಲೀಲಿ ಏನೋ ಮಾಡ್ತಾರಂತೆ. ಸುಳ್ಳು ದಾಖಲೆ ಸೃಷ್ಟಿ ಅಂತ ಹಾಕಬಹುದು. ಆದ್ರೆ ಬೀಗ ಇತ್ತು, ಇವನು ಒಡೆದ ಅನ್ನೋದು ಮೊದಲು ಗೊತ್ತಾಗ್ಬೇಕು. ಎಲ್ಲಿ, ತೋರ್ಸಯ್ಯಾ."

ದೊರೆಸ್ವಾಮಿ ಯಂತ್ರದ ಮುಂದೆ ಕೂತ. ರಾತ್ರಿ ಠಾಣೆಯ ಬೆಂಚಿನ ಮೇಲೆ ಕಳೆದಿದ್ದ, ಅಂಗಿ ಮುದುರಿಹೋಗಿತ್ತು. ಆದರೂ ಮುಖದಲ್ಲಿ ಒಂದು ನಿರಾಳವಿತ್ತು, ಪ್ರೋಗ್ರಾಂ ಬರೆದವರೇ ಎದುರಿಗೆ ನಿಂತಿದ್ದಾರಲ್ಲ ಎಂಬ ನಿರಾಳ. ಎಂಟರ್ ಒತ್ತಿದ.

ಯಂತ್ರ ಕುಯ್ಯೆಂದಿತು. ತಪ್ಪು.

ಮತ್ತೆ ಒತ್ತಿದ. ಮತ್ತೆ ತಪ್ಪು. ಮೂರನೆಯ ಸಲ ಒತ್ತಿ, ತೆರೆಯ ಮೇಲೆ ಬಂದದ್ದನ್ನು ಓದಿ, ನಿಧಾನಕ್ಕೆ ತಿರುಗಿ ರಾಜಶೇಖರನ ಮುಖ ನೋಡಿದ. ಅರ್ಥ ಮಾಡಿಕೊಂಡ, ಅಷ್ಟೆ.

"ಬೀಗ ಇದೆ ಅಂತಾಯ್ತು. ಮೊದಲಿಂದಲೂ ಇತ್ತೇನ್ರೀ?" ಎಂದು ಗುರುಪಾದಸ್ವಾಮಿ ಕೇಳಿದರು.

ಮರಿಮಲ್ಲಪ್ಪ ಬಾಗಿಲ ಬಳಿ ನಿಂತಿದ್ದರು. ಅಕ್ಕನ ಮಗ ಮಾಡಿದ ಯಂತ್ರದಲ್ಲಿ ಐಬು ಇರಲಾರದು ಎಂಬ ನಂಬಿಕೆ ಅವರ ಮುಖದ ತುಂಬ ಇತ್ತು. ರಾಜಶೇಖರ ಬಾಯಿ ತೆರೆದ.

"ಇತ್ತು," ಎಂದ.

ಅದನ್ನೇ ಬರೆದುಕೊಂಡರು. ಅವನು ಕೆಳಗೆ ಸಹಿ ಮಾಡಿದ. ಸಹಿ ಎಂದಿನಂತೆ ಚೆನ್ನಾಗಿಯೇ ಬಂತು.

ದೊರೆಸ್ವಾಮಿಯನ್ನು ಅವತ್ತೇ ಜಾಮೀನಿನ ಮೇಲೆ ಬಿಟ್ಟರು. ಕೆಲಸ ಹೋಯಿತು. ಸರದಿ ಬದಲಾಗುವುದು ನಿಂತಿತು. ಸಾಲು ಅಳಿಸಿದ್ದರಿಂದ ನಿಂತದ್ದು, ಆದರೆ ಗುಮಾಸ್ತನನ್ನು ತೆಗೆದದ್ದರಿಂದ ನಿಂತಿತು ಎಂದೇ ಎಲ್ಲರೂ ಆಡಿಕೊಂಡರು. ನಾಲ್ಕು ತಿಂಗಳು ಯಾರ್ಯಾರ ಬೆರಳು ಆಡಿತ್ತೋ ಅವರೆಲ್ಲ ಈ ಮಾತನ್ನು ಇನ್ನೂ ಸ್ವಲ್ಪ ಜೋರಾಗಿ ಆಡಿದರು. ಸಭೆಯಲ್ಲಿ ಕಣ್ಣಾರೆ ಕಂಡ ನಲವತ್ತು ಜನರೂ, ಅವನ ಕೈ ಎಷ್ಟು ಬೇಗ ಓಡುತ್ತದೆ, ಏನೋ ಒತ್ತಿರುತ್ತಾನೆ ಬಿಡು ಎಂದರು.

ಹತ್ತು ದಿನ ಕಳೆದ ಮೇಲೆ ಮೂಗಮ್ಮ ಚಾಮರಾಜನಗರಕ್ಕೆ ಬಂದಳು. ಮಧ್ಯಾಹ್ನದ ಬಿಸಿಲು. ಚಪ್ಪಲಿಯನ್ನು ಮಹಡಿಯ ಕೆಳಗೆ ಬೀದಿಯಲ್ಲೇ ಬಿಟ್ಟು, ಮೆಟ್ಟಿಲು ಹತ್ತಿ, ಬಾಗಿಲ ಹೊರಗೆ ನಿಂತಳು. ಕೂತುಕೋ ಎಂದರೆ ಕೂರಲಿಲ್ಲ.

"ಬುದ್ಧಿ, ನಮ್ ಐದ ದೊರೆಸ್ವಾಮಿ. ಅವ್ನು ನಿಮ್ ಬಗ್ಗೆ ಒಂದ್ ಮಾತೂ ಆಡಕಿಲ್ಲ. ನಾನೇ ಗೋಳಾಡ್ಕಂಡು ಕೇಳ್ದೆ, ಆ ಮಿಸನ್ ಮಾಡ್ದೋರು ಏನಂದ್ರು ಮಗ ಅಂತ. ಅವ್ರಿಗೆ ಎಲ್ಲಾ ಗೊತ್ತು ಕಣವ್ವ ಅಂದ. ಅಷ್ಟೇ ಅಂದದ್ದು. ನಿಮ್ಗೆ ಗೊತ್ತಿದ್ರೆ ಒಂದ್ ಮಾತ ಏಳ್ಬುಡಿ ಬುದ್ಧಿ. ಉಣ್ಣಕಿಲ್ಲ, ಈಚ್ಗೆ ಬರಾಕಿಲ್ಲ. ಕೇರಿಲಿ ಮಕ್ಳು ಕಂಪೂಟ್ರು ಕಳ್ಳ ಅಂತ ಕೂಗ್ತವೆ."

ಕ್ಲಾಸಿನ ಹುಡುಗರೆಲ್ಲ ಕೀಬೋರ್ಡು ಬಿಟ್ಟು ಬಾಗಿಲ ಕಡೆ ನೋಡುತ್ತಿದ್ದರು. ರಾಜಶೇಖರ, "ನೋಡ್ತೀನಮ್ಮ" ಎಂದ. ಅವಳು ಎರಡೂ ಕೈ ಎತ್ತಿ ಮುಗಿದಳು. ಆ ಕೈಗಳನ್ನು ನೋಡಲಾರದೆ ಅವನು ನೆಲ ನೋಡಿದ. ತನಗಿಂತ ಮೂವತ್ತು ವರ್ಷ ದೊಡ್ಡವಳು, ತಾನು ಕೆಡಿಸಿದ ಮಗನಿಗಾಗಿ ತನಗೇ ಕೈ ಮುಗಿದು ಹೋದಳು. ಅವತ್ತು ಅವನಿಗೆ ಊಟ ಸೇರಲಿಲ್ಲ. ನಾಚಿಕೆ ಎಂದರೆ ಮುಖ ಕೆಂಪಾಗುವುದು ಎಂದು ಅಷ್ಟು ದಿನ ತಿಳಿದಿದ್ದ. ಅದು ಅನ್ನದ ತಟ್ಟೆಯ ಮುಂದೆಯೂ ಬಂದು ಕೂರುತ್ತದೆಂದು ಈಗ ಗೊತ್ತಾಯಿತು.

ಮರುದಿನ ಗುಂಡ್ಲುಪೇಟೆಯ ಠಾಣೆಗೆ ಹೋದ. ನೇರವಾಗಿ ಹೇಳುವ ಧೈರ್ಯ ಬರದೆ, ಸುತ್ತಿ ಬಳಸಿ ಕೇಳಿದ.

"ಅಲ್ಲ ಸಾರ್, ಬೀಗ ಇರಲಿಲ್ಲ ಅಂತ ಇಟ್ಕೊಳ್ಳಿ. ಆಗ ಯಾರ ತಪ್ಪಾಗುತ್ತೆ?"

ಗುರುಪಾದಸ್ವಾಮಿ ಫೈಲಿನಿಂದ ತಲೆ ಎತ್ತಿ ಅವನನ್ನು ಒಂದು ಗಳಿಗೆ ಹೆಚ್ಚಾಗಿಯೇ ನೋಡಿದರು. "ಬಾಗ್ಲು ತೆಗೆದಿತ್ತು ಅಂದ್ರೂ ಒಳಗೆ ಹೋಗಿ ಸಾಮಾನು ಆಚೀಚೆ ಮಾಡಿದೋನ ಮೇಲೆ ಏನಾದ್ರೂ ಹಾಕಬಹುದು. ಅಗಳಿ ಇಡದೆ ಬಾಗ್ಲು ಮಾಡಿಕೊಟ್ಟ ಬಡಗಿ ಮೇಲೆ ಹಾಕೋಕೆ ನನ್ ಹತ್ರ ಏನೂ ಇಲ್ಲ. ನೀವು ಹೆದರ್ಕೋಬೇಡಿ."

"ಹೆದರಿಕೆಗಲ್ಲ ಸಾರ್..."

"ಹಂಗಾದ್ರೆ ಹೇಳಿಕೆ ಬದಲಾಯಿಸ್ತೀರಾ?"

ಅವನು ಅವರ ಮುಂದಿದ್ದ ಫೈಲನ್ನು ನೋಡಿದ. ಅವರೇ ಮುಂದುವರಿಸಿದರು. ಬರುವ ಸೋಮವಾರ ಸಂಘದಲ್ಲಿ ಪಂಚಾಯಿತಿ ಇದೆ. ಹುಡುಗ ತಪ್ಪೊಪ್ಪಿಕೊಂಡು ಕ್ಷಮೆ ಕೇಳಿದರೆ ಮರಿಮಲ್ಲಪ್ಪನವರು ದೂರು ಬಿಟ್ಟುಬಿಡುತ್ತಾರಂತೆ. ಅಲ್ಲಿಗೆ ಎಲ್ಲ ಮುಗಿಯಿತು. ರಾಜಶೇಖರ ಮೆಟ್ಟಿಲಿಳಿದು ಬರುವಾಗ ಮೈ ಹಗುರಾಗಿತ್ತು. ತನಗೆ ಶಿಕ್ಷೆಯಿಲ್ಲ ಎಂದು ತಿಳಿದು ಹಗುರಾದದ್ದು ಎಂದು ಹೊಳೆದಾಗ, ನಡುರಸ್ತೆಯಲ್ಲೇ ತನ್ನ ಮೇಲೆ ತನಗೆ ಹೇಸಿಗೆಯಾಯಿತು.

ಸೋಮವಾರ ಸಂಘದಲ್ಲಿ ಜನ ತುಂಬಿದ್ದರು. ಹಿತ್ತಿಲಿನಲ್ಲಿ ಅಡುಗೆ ನಡೆದಿತ್ತು, ರಾಜಿಯಾದ ಮೇಲೆ ಎಲ್ಲರಿಗೂ ಊಟ. ಕ್ಷಮಾಪಣೆಯ ಪತ್ರವನ್ನು ಅದೇ ಯಂತ್ರದಲ್ಲಿ ಹೊಡೆದುಕೊಡಲು ಮಾವ ರಾಜಶೇಖರನಿಗೇ ಹೇಳಿದ್ದರು. ಅವನು ಹೊಡೆದುಕೊಟ್ಟಿದ್ದ: 'ದುರಾಸೆಯಿಂದ ಬೀಗ ಮುರಿದು ಸರದಿಯ ಪಟ್ಟಿ ತಿದ್ದಿದ್ದು ನಿಜ.'

ದೊರೆಸ್ವಾಮಿ ಸೊರಗಿದ್ದ. ಹಾಳೆಯನ್ನು ಪೂರ್ತಿ ಓದಿದ. ಪೆನ್ನು ತೆಗೆದುಕೊಂಡ. ಬರೆಯದೆ ಹಾಗೇ ನಿಂತು, ಅಧ್ಯಕ್ಷರನ್ನಲ್ಲ, ರಾಜಶೇಖರನನ್ನು ಕೇಳಿದ.

"ಸಾ, ಕ್ಸಮೆ ಕೇಳ್ತೀನಿ. ಕಾಲಿಗೂ ಬೀಳ್ತೀನಿ. ಬೀಗ ಮುರ್ದೆ ಅಂತ ಐತಲ್ಲ, ಅದೊಂದ್ನ ತಗ್ದುಬುಡಿ. ಅದ್ಕೆ ಮಾತ್ರ ನನ್ ಕೈ ಬರಾಕಿಲ್ಲ."

ಸಭೆ ಗುಜುಗುಜು ಎಂದಿತು. ರಾಜಶೇಖರ ಎದ್ದು ನಿಂತ.

"ಇವನದು ತಪ್ಪಿಲ್ಲ. ಬೀಗ ಇರಲೇ ಇಲ್ಲ. ಇಡದೆ ಬಿಟ್ಟವನು ನಾನು. ಇವನು ತಿಂಗಳು ಮುಂಚೆಯೇ ಬಂದು ನನಗೆ ಹೇಳಿದ್ದ, ನಾನು ಸರಿ ಮಾಡಲಿಲ್ಲ. ಪೊಲೀಸರು ಬರೋ ಮುಂಚೆ ಕದ್ದು ಸರಿ ಮಾಡಿ, ಮೊದಲಿಂದ ಇತ್ತು ಅಂತ ಸುಳ್ಳು ಹೇಳಿದೆ."

ಒಂದೇ ಉಸಿರಿಗೆ ಹೇಳಿ ಮುಗಿಸಿದ. ಬೈಗುಳ ಬೀಳಲಿ ಎಂದು ಅವನು ತಲೆ ತಗ್ಗಿಸಿ ಕಾದ. ನಾಲ್ಕು ಲಾರಿಯ ಶಿವಮಲ್ಲಪ್ಪ ಗಂಟಲು ಸರಿಮಾಡಿಕೊಂಡರು.

"ಅಲ್ಲ ಕಣಪ್ಪ, ಓದ್ದೋನು ನೀನು. ಗೊತ್ತಿದ್ದೂ ಗೊತ್ತಿದ್ದೂ ಬೀಗ ಇಡದೆ ಯಾಕೆ ಬುಡ್ತೀಯ?"

ಅದೊಂದೇ ಪ್ರಶ್ನೆ. ಉತ್ತರ ಗೊತ್ತಿದ್ದವರು ಕೋಣೆಯಲ್ಲಿ ಇಬ್ಬರೇ, ಅವನು ಮತ್ತು ದೊರೆಸ್ವಾಮಿ. ರಾಜಶೇಖರ ಮಾವನ ಕಡೆ ನೋಡಿದ. ಮರಿಮಲ್ಲಪ್ಪ ಎರಡೂ ಅಂಗೈಯನ್ನು ಮಂಡಿಯ ಮೇಲಿಟ್ಟುಕೊಂಡು, ಅಕ್ಕನ ಮಗನಿಗೆ ಏನು ಕಷ್ಟ ಬಂತೋ ಎಂದು ಗಾಬರಿಯಿಂದ ನೋಡುತ್ತಿದ್ದರು. ನಮ್ಮ ಮಾವನಿಗೆ ಹೆತ್ತ ತಾಯಿಯ ಹೆಸರು ಒತ್ತಲು ಬರಲಿಲ್ಲ, ನೀವೆಲ್ಲ ನಕ್ಕಿರಿ, ಅದಕ್ಕೆ ಬೀಗ ತೆಗೆದೆ, ಬೆರಳು ಬಲ್ಲದು ಎಂದು ಅವರಿಗೆ ಮಂಕುಬೂದಿ ಎರಚಿದೆ. ಇಷ್ಟು ಹೇಳಿದ್ದರೆ ಸಾಕಿತ್ತು. ನಾಲಿಗೆಯ ತುದಿಗೂ ಬಂತು. ಅವನು ಅದನ್ನು ನುಂಗಿದ.

"ಏನೋ... ಮರೆತೆ," ಎಂದ.

ಶಿವಮಲ್ಲಪ್ಪನವರ ಮುಖ ಬೆಳಗಿತು. ಅವರು ಸಭೆಯ ಕಡೆ ತಿರುಗಿದರು. "ಕೇಳುದ್ರಾ? ಮರ್ತನಂತೆ! ಇಂಥೋನು ಮರೀತಾನಾ? ಬಡೂರ್ ಐದನ್ ಬಾಳು ಕೆಡಬಾರ್ದು ಅಂತ, ತಪ್ಪ ತನ್ನ ತಲೆ ಮೇಲೆ ಎಳ್ಕತಾವ್ನೆ. ಎಂಥಾ ದೊಡ್ಡ ಮನ್ಸು!"

"ಇಲ್ಲ, ನಿಜವಾಗ್ಲೂ..." ಎಂದ ರಾಜಶೇಖರ.

"ಸುಮ್ಕಿರಪ್ಪ ನೀನು," ಎಂದ ಚಿಕ್ಕಯ್ಯ. ಅವನ ಕಣ್ಣಲ್ಲೂ ನೀರಾಡಿತ್ತು. "ನಮ್ಗೂ ಅರ್ಥ ಆಯ್ತದೆ."

ಅವನು ಯಂತ್ರದ ಬಳಿ ಹೋಗಿ ತೋರಿಸಲು ನೋಡಿದ. ಎಂಟರ್ ಒತ್ತಿದ. ಕುಯ್ಯೆಂದು ತಪ್ಪು ಅಂದಿತು. ಸಭೆ ಅಕ್ಕರೆಯಿಂದ ನಕ್ಕಿತು. ಹಳೆಯದನ್ನು ಈಗಲೇ ಮತ್ತೆ ಬರೆದು ತೋರಿಸುತ್ತೇನೆ ಎಂದರೆ, ಬರೆಯೋನು ನೀನು, ಏನು ಬೇಕಾದರೂ ಬರೀತೀಯ ಎಂದರು. ಅವನು ಎಷ್ಟು ಹೇಳಿದರೆ ಅಷ್ಟು ದೊಡ್ಡವನಾದ. ಮರಿಮಲ್ಲಪ್ಪ ಎದ್ದು ಬಂದು ಅವನ ಭುಜದ ಮೇಲೆ ಕೈಯಿಟ್ಟರು. ಆಮೇಲೆ ದೊರೆಸ್ವಾಮಿಯ ಕೈಯಿಂದ ಹಾಳೆ ತೆಗೆದುಕೊಂಡು ಎರಡು ತುಂಡು ಮಾಡಿದರು. "ಓಗ್ಲಾ. ಈ ಪುಣ್ಯಾತ್ಮನ ಮುಖ ನೋಡಿ ಬುಟ್ಟಿವ್ನಿ. ಇನ್ ಮ್ಯಾಕಾದ್ರೂ ನೆಟ್ಟಗಿರು."

ದೊರೆಸ್ವಾಮಿ ಹೊರಗೆ ಹೋದ. ರಾಜಶೇಖರ ಜನರನ್ನು ಸರಿಸಿಕೊಂಡು ಹಿಂದೆಯೇ ಓಡಿ, ಜಗಲಿಯ ಕೆಳಗೆ ಅವನನ್ನು ಹಿಡಿದ.

"ದೊರೆಸ್ವಾಮಿ, ನಾನು ಹೇಳಿದೆ. ಎಲ್ಲಾ ಹೇಳಿದೆ, ನೀನೇ ಕೇಳಿದೆಯಲ್ಲ."

"ಕೇಳ್ದೆ ಸಾ. ಯಾಕೆ ಅನ್ನದೊಂದ ಬುಟ್ಟು ಎಲ್ಲಾನೂ ಏಳುದ್ರಿ."

ರಾಜಶೇಖರ ಜಗಲಿಯ ಕಡೆ ತಿರುಗಿದ. "ಬಾ, ಒಳಗೆ ಹೋಗೋಣ. ಅದನ್ನೂ ಹೇಳಿಬಿಡ್ತೀನಿ."

ದೊರೆಸ್ವಾಮಿ ಅವನನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ರಾಜಶೇಖರ ಬದುಕಿಕೊಳ್ಳುತ್ತಿದ್ದ.

"ಈಗ ಏಳುದ್ರೆ, ನನ್ನ ಉಳ್ಸಾಕೆ ದೊಡ್ಡೋರ ಮ್ಯಾಲೇ ಸುಳ್ಳೇಳ್ತಾವ್ರೆ, ಅಂಥಾ ಒಳ್ಳೇರು ಅಂತಾರೆ ಸಾ. ಬ್ಯಾಡಿ. ನೀವು ದೇವ್ರಾಗ್ಬುಟ್ರಿ. ನಾನು ಕಳ್ಳನಾಗೇ ಉಳ್ಕಂಡೆ. ಕೇಸಿದ್ದಿದ್ರೆ ಕೋರ್ಟ್ನಲ್ಲಾದ್ರೂ ಒಂದಿನ ಕೇಳೋರು. ಈಗ ಅದೂ ಇಲ್ಲ."

ಅವನು ಬಸ್‌ಸ್ಟ್ಯಾಂಡಿನ ಕಡೆ ನಡೆದ. ತಿರುಗಿ ನೋಡಲಿಲ್ಲ.

"ರಾಜಶೇಖರಾ," ಎಂದು ಒಳಗಿನಿಂದ ಮಾವ ಕೂಗಿದರು, "ಬಾರಪ್ಪ, ಎಲೆ ಹಾಕವ್ರೆ, ನೀ ಬರಾಗಂಟ ಯಾರೂ ಕೈ ಇಡಾಕಿಲ್ಲ ಅಂತ ಕುಂತವ್ರೆ!"

ಅವನು ಸ್ವಲ್ಪ ಹೊತ್ತು ಬಿಸಿಲಲ್ಲೇ ನಿಂತಿದ್ದ. ಆಮೇಲೆ ಒಳಗೆ ಹೋದ. ಪಂಕ್ತಿಯಲ್ಲಿ ಎಲ್ಲರೂ ಸರಿದು ಮರಿಮಲ್ಲಪ್ಪನವರ ಪಕ್ಕದಲ್ಲಿ ಅವನಿಗೆ ಜಾಗ ಮಾಡಿಕೊಟ್ಟರು. ಅವನು ಕೂತ.